ಮಡಿಕೆಯೊಳಗಿನ ಚೌಕ

ನಮ್ಮ ಚರ್ಚಿನ ಮುದುಕರ ಬಸ್ಸು ಅಧ್ಯಕ್ಷರ ಕಾಲದ ವಸ್ತುಗಳನ್ನೆಲ್ಲ ಕಾಪಾಡಿ ಇಟ್ಟಿರುವ ಅವರ ಹೆಸರಿನ ಗ್ರಂಥಾಲಯದ ಮುಂದೆ ನಿಂತಾಗ ಎಲ್ಲರೂ ಮೊದಲು ಶೌಚಾಲಯ ಹುಡುಕಿಕೊಂಡು ಹೋದರು. ನಾನು ಕೌದಿ ಎಲ್ಲಿದೆ ಎಂದು ಕೇಳಿದೆ.

ಆ ಕೌದಿ ಹೊಲಿದವರಲ್ಲಿ ನಾನೂ ಒಬ್ಬಳು. ನಮ್ಮ ಸೀಮೆಯ ರೈತನ ಮಗನೊಬ್ಬ ದೇಶದ ಅಧ್ಯಕ್ಷನಾದ ಚಳಿಗಾಲದಲ್ಲಿ ನಾವು ಹೆಂಗಸರು ಚರ್ಚಿನ ನೆಲಮಾಳಿಗೆಯಲ್ಲಿ ಕೂತು, ತಲೆಗೊಂದು ಚೌಕ ಹೊಲಿದು, ಎಲ್ಲವನ್ನೂ ಜೋಡಿಸಿ ವಾಷಿಂಗ್ಟನ್ನಿಗೆ ಕಳಿಸಿದ್ದೆವು. ನನ್ನ ಚೌಕಕ್ಕೆ ನಾನು ಲೊರೀನಳ ಫ್ರಾಕು ಕತ್ತರಿಸಿದ್ದೆ. ಲೊರೀನ್ ನನ್ನ ಮಗಳು. ಅದರ ಹಿಂದಿನ ವರ್ಷ, ನಾಲ್ಕು ತುಂಬುವ ಮೊದಲೇ, ಗಂಟಲುಬೇನೆಯಲ್ಲಿ ತೀರಿಕೊಂಡಿದ್ದಳು.

ಫ್ರಾಕು ಕೋಳಿಮೇವಿನ ಚೀಲದ್ದು. ಆಗೆಲ್ಲ ಮೇವು ಬಣ್ಣದ ಅಚ್ಚಿನ ಬಟ್ಟೆಯ ಚೀಲಗಳಲ್ಲಿ ಬರುತ್ತಿತ್ತು. ಚೀಲ ಬರಿದಾದ ಮೇಲೆ ಒಗೆದು ಮಕ್ಕಳಿಗೆ ಹೊಲಿಯುತ್ತಿದ್ದೆವು. ಒಂದೇ ಅಚ್ಚಿನ ಎರಡು ಚೀಲ ಸಿಗಬೇಕಲ್ಲ, ಅದಕ್ಕೆ ಗುರುತಿನ ತುಂಡು ಕೊಟ್ಟು ಗಂಡಂದಿರನ್ನು ಅಂಗಡಿಗೆ ಅಟ್ಟುವುದು. ನನ್ನ ಗಂಡ ಆರಿನ್ ತುಂಡನ್ನು ಜೇಬಿನಲ್ಲೇ ಮರೆತು, ಚೆರ್ರಿಹಣ್ಣಿನ ಅಚ್ಚಿನದರ ಬದಲು ನೀಲಿ ಚೌಕಳಿಯ ಚೀಲ ಹೊತ್ತು ತಂದ. ಹೀಗಾಗಿ ಫ್ರಾಕಿನ ಮೈಗೆ ಚೆರ್ರಿ, ತೋಳಿಗೆ ಚೌಕಳಿ. ಲೊರೀನಳಿಗೆ ಅದೇ ದೊಡ್ಡ ಸಂಭ್ರಮ. ಮನೆಗೆ ಬಂದವರಿಗೆಲ್ಲ ತೋಳೆತ್ತಿ ತೋರಿಸುತ್ತಿದ್ದಳು. ತೋಳು ಮೈಗೆ ಕೂಡುವ ಜಾಗವನ್ನೇ ನಾನು ಚೌಕಕ್ಕೆ ತೆಗೆದುಕೊಂಡಿದ್ದೆ. ಉಳಿದ ಬಟ್ಟೆ, ಅವಳ ಒಂದೇ ಒಂದು ಫೋಟೊದ ಜೊತೆ, ಟ್ರಂಕಿನಲ್ಲಿತ್ತು. ಮುಂದೊಂದು ಬೇಸಿಗೆಯಲ್ಲಿ ಸುಂಟರಗಾಳಿ ಮನೆಯನ್ನು ಎತ್ತಿಕೊಂಡು ಹೋದಾಗ ಟ್ರಂಕೂ ಹೋಯಿತು. ಈಗ ಆರಿನ್ ಇಲ್ಲ. ಸ್ಮಶಾನದ ಕಲ್ಲೊಂದನ್ನು ಬಿಟ್ಟರೆ ಆ ಮಗುವಿನದೆಂದು ಉಳಿದಿರುವುದು ಆ ಚೌಕ ಮಾತ್ರ. ಸಾಯುವುದರೊಳಗೆ ಅದನ್ನೊಮ್ಮೆ ನೋಡಬೇಕಿತ್ತು.

ಬೆಳಕಿಗೆ ಬಣ್ಣ ಹೋಗುತ್ತದೆಂದು ಕೌದಿಯನ್ನು ಹಲವು ವರ್ಷಕ್ಕೊಮ್ಮೆ ಮಾತ್ರ ಹೊರಗಿಡುತ್ತಾರೆ. ಹೋದ ಸಲ ಆರಿನ್ ಹಾಸಿಗೆ ಹಿಡಿದಿದ್ದ. ಈ ಸಲ ಬಸ್ಸು ನಿಗದಿಯಾದದ್ದು ಪ್ರದರ್ಶನದ ಕೊನೆಯ ದಿನಕ್ಕೆ.

ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ವರ್ನಾ ಮೊದಲು ಅಧ್ಯಕ್ಷರ ಕಚೇರಿಯ ನಕಲು ನೋಡೋಣ ಎಂದು ನನ್ನನ್ನು ಎಳೆದುಕೊಂಡು ಹೋದಳು. ಮೇಜು, ಬಾವುಟ, ಸುಳ್ಳು ಕಿಟಕಿಯಾಚೆ ಬಣ್ಣದಲ್ಲಿ ಬರೆದ ತೋಟ.

“ಇಷ್ಟು ಚೊಕ್ಕ ಮೇಜು ಇಟ್ಕೊಂಡಿರೋ ಗಂಡಸು ಏನೂ ಕೆಲಸ ಮಾಡಿರಲ್ಲ ಬಿಡೇ,” ಎಂದಳು. ಆಮೇಲೆ ಲೋಟ, ಚಮಚ ಮಾರುವ ಅಂಗಡಿಯ ಕಡೆ ನಡೆದಳು. ನಾನು ಒಬ್ಬಳೇ ಮುಂದೆ ಹೋದೆ.

ಉಡುಗೊರೆಗಳ ಕೋಣೆಯಲ್ಲಿ ದೀಪ ಮಂದವಾಗಿತ್ತು. ಯಾವುದೋ ಅರಸ ಕೊಟ್ಟ ಕತ್ತಿ, ಬೆಳ್ಳಿಯ ಒಂಟೆ, ಪೀಚ್ ಹಣ್ಣಿನ ಬೀಜದ ಮೇಲೆ ಯಾರೋ ಕೆತ್ತಿ ಕಳಿಸಿದ ಅಧ್ಯಕ್ಷರ ಮುಖ. ಮೂಲೆಯಲ್ಲಿ ನಮ್ಮ ಕೌದಿ. ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸದೆ ಅದನ್ನು ಮಡಿಸಿ ಇಟ್ಟಿದ್ದರು. ಮೇಲಿನ ಎರಡು ಸಾಲು ಮಾತ್ರ ಕಾಣುತ್ತಿತ್ತು. ವಿಲ್ಮಾಳ ನಕ್ಷತ್ರ, ಫ್ಲೋಸ್ಸಿಯ ಸೊಟ್ಟ ಕೊಟ್ಟಿಗೆ. ನನ್ನ ಜೊತೆ ಹೊಲಿದವರೆಲ್ಲ ಈಗ ಮಣ್ಣಿನಲ್ಲಿದ್ದಾರೆ. ನನ್ನದು ಮೂರನೆಯ ಸಾಲು. ನಾನು ಬಗ್ಗಿ, ಪಕ್ಕದಿಂದ, ಕೊನೆಗೆ ಮಂಡಿಯೂರಿ ನೋಡಿದೆ. ಮಡಿಕೆಯ ಅಂಚು ಬಿಟ್ಟು ಏನೂ ಕಾಣಲಿಲ್ಲ.

ಏಳುವುದಕ್ಕೆ ಆಗದೆ ಅಲ್ಲೇ ಇದ್ದಾಗ ಕಾವಲಿನವನು ಓಡಿ ಬಂದ. ನಾನು ಬಿದ್ದೆನೆಂದುಕೊಂಡಿದ್ದ. ವಿಷಯ ಹೇಳಿದೆ. ಅವನು ಒಳಗಿನಿಂದ ಕೊಲೀನ್ ಎಂಬ ಹೆಂಗಸನ್ನು ಕರೆತಂದ. ಇಲ್ಲಿಯ ಬಟ್ಟೆಬರೆಗಳ ಜವಾಬ್ದಾರಿ ಅವಳದು. ಜನರ ಮುಂದೆ ಪೆಟ್ಟಿಗೆ ತೆಗೆಯುವ ಹಾಗಿಲ್ಲ, ಆದರೆ ಬಾಗಿಲು ಹಾಕಿದ ಮೇಲೆ ಹೇಗೂ ಕೌದಿಯನ್ನು ಒಳಗೆ ಒಯ್ಯುತ್ತೇವೆ, ಅಲ್ಲಿಯವರೆಗೆ ಕಾಯುತ್ತೀರಾ ಎಂದು ಕೇಳಿದಳು. ಬಸ್ಸು ಓಡಿಸುವ ಡ್ವೇನ್ ಹೊಟ್ಟೆ ಹಸಿವಿನ ಬಗ್ಗೆ ಗೊಣಗಿದ, ಆದರೂ ಕಾದ.

ಹಿಂದಿನ ಕೋಣೆಯ ಉದ್ದ ಮೇಜಿನ ಮೇಲೆ ಕೊಲೀನ್ ಮತ್ತು ಅವಳ ಸಹಾಯಕಿ ಸೇರಿ ಕೌದಿ ಬಿಡಿಸಿದರು. ನನಗೂ ಬಿಳಿ ಕೈಗವಸು ಕೊಟ್ಟರು. ಮೇಲಿನ ಸಾಲುಗಳ ಬಣ್ಣ ಗಂಜಿಯಂತಾಗಿತ್ತು. ಮೂರನೆಯ ಸಾಲಿನಲ್ಲಿ ಚೆರ್ರಿಗಳು ಅಂಗಡಿಯಿಂದ ಈಗ ತಂದ ಚೀಲದ ಮೇಲಿದ್ದಷ್ಟೇ ಕೆಂಪಾಗಿದ್ದವು. ಪಕ್ಕದಲ್ಲಿ ನೀಲಿ ಚೌಕಳಿ, ನಡುವೆ ನನ್ನ ಹೊಲಿಗೆ. ಕೈಯಿಟ್ಟೆ. ಕೈಗವಸಿನೊಳಗಿಂದ ಬಟ್ಟೆಯ ಸ್ಪರ್ಶ ಏನೂ ತಿಳಿಯಲಿಲ್ಲ.

ಕೊಲೀನ್‌ಗೆ ಖುಷಿಯಾಗಿತ್ತು. ಮುಂದಿನ ಸಲ ಈ ಸಾಲೇ ಮುಂದೆ ಕಾಣುವ ಹಾಗೆ ಮಡಿಸುತ್ತೇವೆ, ಪಕ್ಕದ ಚೀಟಿಯಲ್ಲಿ ಮಗುವಿನ ಹೆಸರನ್ನೂ ಹಾಕೋಣ ಎಂದಳು.

“ಬೇಡಮ್ಮ,” ಎಂದೆ. “ಇದು ಒಳಗೇ ಇರಲಿ. ಬಣ್ಣ ಉಳಿದಿದೆ.”

“ಒಳಗಿದ್ರೆ ಯಾರೂ ನೋಡಲ್ವಲ್ಲ.”

“ನೋಡಿ ಗುರುತು ಹಿಡಿಯೋರು ಯಾರಿದ್ದಾರೆ? ನಾನೊಬ್ಬಳೇ.”

ಅವಳು ಮೇಜಿನ ದೀಪವನ್ನು ಹತ್ತಿರ ಎಳೆದು ಬಟ್ಟೆಯ ಮೇಲೆ ಬೆರಳು ತೋರಿಸಿದಳು. ಒಳಗಿನ ಇನ್ನೊಂದು ಮಡಿಕೆಯ ಗೆರೆ ಸರಿಯಾಗಿ ತೋಳು ಮೈ ಕೂಡುವಲ್ಲಿ ಹಾದುಹೋಗಿತ್ತು. ನೂಲು ಅಲ್ಲಿ ಜಾಳಾಗಿತ್ತು.

“ಪ್ರತಿಸಲ ಮಡಿಕೆ ಬದಲಾಯಿಸ್ಬೇಕಮ್ಮ. ಹೋದ ಸಲ ಯಾರೋ ಹಾಗೇ ಬಿಟ್ಬಿಟ್ಟಿದ್ದಾರೆ. ಇನ್ನೊಂದು ಸಲ ಹೀಗೇ ಮಡಿಸಿದ್ರೆ ಇಲ್ಲೇ ಹರಿಯುತ್ತೆ.”

ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಡ್ವೇನ್‌ನದು ಸಿಟ್ಟಿನ ಹಾರ್ನಲ್ಲ, ನೆನಪಿಸುವ ಹಾರ್ನು. ಬಣ್ಣ ಹೋದರೂ ತೋಳು ತೋಳಾಗಿಯೇ ಇರುತ್ತದೆ. ಹರಿದರೆ ಅವು ಮತ್ತೆ ಎರಡು ಚೀಲ.

“ಹಾಗಾದ್ರೆ ತಿರುಗಿಸಿ ಮಡಿಸಿ,” ಎಂದೆ.

ಮಗುವಿನ ಹೆಸರು ಕೇಳಿದಳು. ಹೇಳಿದೆ. ಆರಿನ್ ಹೋದಮೇಲೆ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಧ್ವನಿ ಬೇರೆ ಯಾರದೋ ಅನ್ನಿಸಿತು.

ಬಸ್ಸಿನಲ್ಲಿ ವರ್ನಾ ಹೊಸ ಲೋಟವನ್ನು ಕಾಗದ ಬಿಚ್ಚಿ ತೋರಿಸಿದಳು. ಅದರ ಮೇಲಿನ ಚಿತ್ರದಲ್ಲಿ ಅಧ್ಯಕ್ಷರ ಮೂಗು ಸ್ವಲ್ಪ ಅಳಿಸಿತ್ತಂತೆ, ಅದಕ್ಕೇ ಕಡಿಮೆಗೆ ಕೊಟ್ಟರಂತೆ. ಆಮೇಲೆ ನನ್ನ ಕೈ ನೋಡಿದಳು.

“ಇದೇನೇ, ರಾಣಿ ಹಾಗೆ ಕೈಗವಸು? ಅಲ್ಲಿಂದ ಎತ್ಕೊಂಡ್ ಬಂದ್ಯಾ?”

ಬಿಚ್ಚುವುದಕ್ಕೆ ಮರೆತಿದ್ದೆ. ಮುಂದಿನ ವಾರ ಅಂಚೆಯಲ್ಲಿ ಕಳಿಸಿದರಾಯಿತು ಎಂದು ಸಮಾಧಾನ ಹೇಳಿ, ಕಾಯುವಷ್ಟು ಏನಿತ್ತು ಆ ಕೌದಿಯಲ್ಲಿ ಎಂದು ಅವಳೇ ಕೇಳಿದಳು. ಎಲ್ಲಿಂದ ಶುರುಮಾಡುವುದು, ಮೇವಿನ ಚೀಲದಿಂದಲೋ ಆರಿನ್ನನ ಜೇಬಿನಿಂದಲೋ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನಿದ್ದೆ ಹತ್ತಿ ಅವಳ ತಲೆ ಕಿಟಕಿಗೆ ವಾಲಿತ್ತು. ಲೋಟ ಉರುಳದಂತೆ ಅವಳ ಮಡಿಲಿನಿಂದ ತೆಗೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ.