ಅಳಿಸಿಹೋದ ಬೆಳ್ಳಕ್ಕಿ ಕಿಟಕಿ

ವಾಚನಾಲಯದ ದೊಡ್ಡ ಕಿಟಕಿಯನ್ನು ಬಿಚ್ಚಿದವಳು ಗಾಜಿನಕ್ಕ. ಬಣ್ಣದ ಗಾಜು ಕತ್ತರಿಸಿ ಜೋಡಿಸುವುದು ಅವಳ ಕಸುಬು, ಹಾಗಾಗಿ ಊರಿಗೆಲ್ಲ ಅವಳು ಗಾಜಿನಕ್ಕನೇ. ಆ ಕಿಟಕಿಯ ತುಂಬ ಕೆರೆಯಿಂದ ಮೇಲೇಳುವ ಬೆಳ್ಳಕ್ಕಿಗಳ ಹಿಂಡು. ಗಾಜುಗಳನ್ನು ಹಿಡಿದಿದ್ದ ಸೀಸದ ಪಟ್ಟಿಗಳು ಹಳತಾಗಿ ಸಡಿಲಬಿದ್ದಿದ್ದವು. ಒಂದೊಂದೇ ತುಂಡು ಬಿಡಿಸಿ, ತೊಳೆದು, ಹೊಸ ಸೀಸದಲ್ಲಿ ಮತ್ತೆ ಕೂರಿಸಬೇಕಿತ್ತು. ತೊಡಕು ಏನೆಂದರೆ ತುಂಡುಗಳೆಲ್ಲ ಒಂದೇ ಅಳತೆ, ಒಂದೇ ಆಕಾರ. ಬಿಳಿಯಲ್ಲೇ ಹತ್ತಾರು ಬಗೆ, ನೀಲಿಗಂತೂ ಲೆಕ್ಕವೇ ಇಲ್ಲ. ಯಾವುದು ರೆಕ್ಕೆ, ಯಾವುದು ಮೋಡ, ಯಾವುದು ನೀರಿನ ಮೇಲಿನ ಬಿಸಿಲು ಎಂದು ಬಿಡಿ ತುಂಡು ನೋಡಿ ಹೇಳಲು, ಅದನ್ನು ಮಾಡಿದವನೇ ಎದ್ದು ಬಂದರೂ ಆಗುತ್ತಿರಲಿಲ್ಲ.

ಅದಕ್ಕೇ ಅವಳು ಬಿಚ್ಚುತ್ತ ಬಿಚ್ಚುತ್ತ ಸಾಲು ಸಾಲಿಗೂ ಫೋಟೋ ತೆಗೆದುಕೊಂಡಿದ್ದಳು. ಬೇರೆ ಯಾರ ಬಳಿಯೂ ಆ ಕಿಟಕಿಯ ಫೋಟೋ ಇರಲಿಲ್ಲ. ವಾಚನಾಲಯದೊಳಗೆ ಫೋನು ಹೊರತೆಗೆಯುವಂತಿಲ್ಲ. ಗ್ರಂಥಪಾಲಕರು ಈ ವಿಷಯದಲ್ಲಿ ಕಲ್ಲು. ಗಾಜಿನಕ್ಕನಿಗೆ ಮಾತ್ರ ಕೆಲಸದ ಕಾರಣಕ್ಕೆ ವಿನಾಯಿತಿ.

ತೊಳೆಯುವ ಕೆಲಸ ಮುಗಿದ ದಿನ ಮಧ್ಯಾಹ್ನ ಗಾಜಿನ ತುಂಡುಗಳ ಪೆಟ್ಟಿಗೆಗಳನ್ನೆಲ್ಲ ವಾಚನಾಲಯದಲ್ಲೇ ಸಾಲಾಗಿ ಇಟ್ಟುಕೊಂಡು ಜೋಡಣೆಗೆ ಕೂರುವ ಹೊತ್ತಿಗೆ ಅವಳ ಫೋನು ನಾದಿನಿಯ ಕೈಯಲ್ಲಿತ್ತು. ನಾದಿನಿಯ ಮಗಳಿಗೆ ಈಜುಕೊಳದಲ್ಲಿ ಸ್ಪರ್ಧೆ, ನಾದಿನಿಯ ಫೋನಿನ ಗಾಜು ಒಡೆದು ಜೇಡರ ಬಲೆಯಾಗಿತ್ತು. "ಅತ್ತಿಗೆ, ಒಂದು ಹೊತ್ತು ಕೊಡಿ, ವಿಡಿಯೋ ತೆಗೆದು ತಂದುಕೊಡ್ತೀನಿ" ಎಂದಿದ್ದಳು. ಯಾವಾಗ ತರುತ್ತೀ ಎಂದು ಕೇಳಲು ಗಾಜಿನಕ್ಕ ಗ್ರಂಥಪಾಲಕರ ಮೇಜಿನ ಫೋನಿನಿಂದ ಕರೆ ಮಾಡಿದಳು.

"ಇನ್ನೇನು ಶುರು ಆಗತ್ತೆ ಅತ್ತಿಗೆ! ಫೋನಲ್ಲಿ ಜಾಗವೇ ಇರ್ಲಿಲ್ಲ ನೋಡಿ. ಅದೆಷ್ಟು ಕಸ ತುಂಬ್ಕೊಂಡಿದ್ದೀರಿ! ಒಂದೇ ಒಡಕು ಗಾಜಿಗೆ ನೂರಾರು ಫೋಟೋ. ಎಲ್ಲ ಅಳಿಸಿ ಹಾಕಿದೆ. ಕಸದಬುಟ್ಟೀನೂ ಖಾಲಿ ಮಾಡಿದೆ. ಈಗ ಹಗುರ ಆಯ್ತು!"

ಗಾಜಿನಕ್ಕನ ಎದೆ ಧಸಕ್ಕೆಂದಿತು. "ಅಯ್ಯೋ, ಅದು..." ಎನ್ನುವಷ್ಟರಲ್ಲಿ ಅತ್ತ ಕಡೆ ಸೀಟಿಯ ಸದ್ದು ಕೇಳಿಸಿತು. "ಕರೀತಿದಾರೆ, ಇಡ್ತೀನಿ" ಎಂದು ನಾದಿನಿ ಇಟ್ಟೇಬಿಟ್ಟಳು.

ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ನಾಳೆ ಮಾಡಿದರಾಯಿತು, ನಾಡಿದ್ದು ಮಾಡಿದರಾಯಿತು ಎಂದು ಮುಂದೂಡಿದ್ದಳು. ಅವಳು ಅದೇ ಮೇಜಿನ ಫೋನಿನಿಂದ ಮೊಬೈಲ್ ರಿಪೇರಿ ಅಂಗಡಿಗೆ ಕರೆ ಮಾಡಿದಳು. ಆ ಅಂಗಡಿಯವನು ಪ್ರತಿ ಮಾತನ್ನೂ "ನಿಧಾನ" ಎಂದೇ ಶುರು ಮಾಡುವುದರಿಂದ ಗಿರಾಕಿಗಳೆಲ್ಲ ಅವನಿಗೆ ನಿಧಾನಣ್ಣ ಎಂದೇ ಹೆಸರಿಟ್ಟಿದ್ದರು.

"ನಿಧಾನ ಅಕ್ಕ, ನಿಧಾನ. ಫೋಟೋ ಇದ್ದದ್ದು ಫೋನಿನೊಳಗೋ, ಮೆಮೊರಿ ಕಾರ್ಡಿನಲ್ಲೋ?"

"ಕಾರ್ಡಲ್ಲಿ. ನೀನೇ ಹಾಕಿಕೊಟ್ಟಿದ್ದೆ."

"ಹಾಗಾದ್ರೆ ಇನ್ನೂ ಉಸಿರಿದೆ. ಅಳಿಸಿದ ತಕ್ಷಣ ಫೋಟೋ ಹೋಗಲ್ಲ. ಮನೆ ಮುಂದಿನ ಹೆಸರಿನ ಫಲಕ ಕಿತ್ತ ಹಾಗೆ ಅಷ್ಟೆ, ಒಳಗಿರೋರು ಒಳಗೇ ಇರ್ತಾರೆ. ಆದರೆ ಹೊಸದಾಗಿ ಏನಾದ್ರೂ ತೆಗೆದ್ರೆ ಅದು ಅವರ ಮೇಲೇ ಬಂದು ಕೂರತ್ತೆ. ವಿಡಿಯೋ ಅಂತೂ ಬೇಡವೇ ಬೇಡ! ಮೊದಲು ಫೋನ್ ಆಫ್ ಮಾಡಿಸಿ."

ನಿಧಾನಣ್ಣನೇ ಧ್ವನಿ ಏರಿಸಿದ್ದನೆಂದರೆ ಗಂಡಾಂತರವೇ ಸರಿ. ಗಾಜಿನಕ್ಕ ನಾದಿನಿಗೆ ಮತ್ತೆ ಮತ್ತೆ ಕರೆ ಮಾಡಿದಳು. ಗಂಟೆ ಹೊಡೆಯಿತೇ ಹೊರತು ಯಾರೂ ಎತ್ತಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಚರ್ಮದ ಏಪ್ರನ್ನನ್ನೂ ಬಿಚ್ಚದೆ ಸೈಕಲ್ ಹತ್ತಿದಳು.

ಆ ಸೈಕಲ್ ಸವಾರಿಯನ್ನು ಕಂಡವರು ಆಮೇಲೆ ಬಹಳ ದಿನ ಆಡಿಕೊಂಡರು. ತರಕಾರಿ ಗಾಡಿಯವಳು ಬೈದದ್ದು ಅವಳ ಕಿವಿಗೆ ಬೀಳಲಿಲ್ಲ. ಇಳಿಜಾರಿನಲ್ಲಿ ಚಪ್ಪಲಿ ಒಂದು ಕಳಚಿ ಹೋಯಿತು, ಹೋಗಲಿ ಎಂದು ಬಿಟ್ಟಳು. ಎದ್ದೆನೋ ಬಿದ್ದೆನೋ ಎಂದು ಈಜುಕೊಳದ ಗೇಟು ದಾಟುವಾಗ ಹುಡುಗಿಯರು ಕೊಳದ ಅಂಚಿನಲ್ಲಿ ಸಾಲಾಗಿ ಬಗ್ಗಿ ನಿಂತಿದ್ದರು. ಎದುರು ದಡದ ಮೆಟ್ಟಿಲ ಮೇಲೆ ನಾದಿನಿ. ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದಿದ್ದಾಳೆ, ಹೆಬ್ಬೆರಳು ಬಟನ್ನಿನ ಹತ್ತಿರ.

"ಒತ್ತಬೇಡ! ಏ, ಒತ್ತಬೇಡ್ವೇ ತಾಯಿ!"

ಕೊಳದ ನೀರೇ ಬೆಚ್ಚಿಬೀಳುವಂಥ ಕೂಗು. ಸೀಟಿ ಊದಲು ಕೆನ್ನೆ ಉಬ್ಬಿಸಿದ್ದ ತರಬೇತುದಾರ ಹಾಗೇ ತಡೆದು ತಿರುಗಿ ನೋಡಿದ. ಅವಸರದ ಒಬ್ಬ ಹುಡುಗಿ ಸೀಟಿಗೂ ಮೊದಲೇ ನೀರಿಗೆ ಬಿದ್ದೇಬಿಟ್ಟಳು. ಗಾಜಿನಕ್ಕ ಒಂಟಿ ಚಪ್ಪಲಿಯಲ್ಲಿ ಕೊಳ ಸುತ್ತಿ ಓಡಿಬಂದು, ನಾದಿನಿಯ ಕೈಯಿಂದ ಫೋನು ಕಸಿದು, ಅದನ್ನು ಆಫ್ ಮಾಡಿ, ಎದೆಗವಚಿಕೊಂಡು ಕುಸಿದು ಕೂತಳು.

"ಅತ್ತಿಗೆ, ನಿಮಗೇನು ಹುಚ್ಚಾ? ನನ್ನ ಮಗಳ ಮೊದಲ ಸ್ಪರ್ಧೆ!"

"ಏನಾದ್ರೂ ತೆಗೆದ್ಯಾ? ನಿಜ ಹೇಳು."

"ಒಂದು ಚಿಕ್ಕ ವಿಡಿಯೋ ಅಷ್ಟೆ. ಹೇಗೆ ಬರತ್ತೆ ನೋಡೋಣ ಅಂತ. ಬರೀ ನೀರು."

ಗಾಜಿನಕ್ಕ ಏದುಸಿರಿನಲ್ಲೇ ವಿಷಯ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ನಾದಿನಿಯ ಮುಖ ಬಿಳಿಚಿಕೊಂಡಿತು. ತಾನು ಕಸವೆಂದು ಗುಡಿಸಿದ್ದು ಅತ್ತಿಗೆಯ ಇಡೀ ಕೆಲಸವನ್ನು ಎಂದು ಅವಳಿಗೆ ಆಗ ಹೊಳೆಯಿತು. ಅಷ್ಟರಲ್ಲಿ ಸೀಟಿ ಕೂಗಿತು. ನಾದಿನಿಯ ಮಗಳು ನೀರಿಗೆ ಹಾರಿದಳು. ಫೋನಂತೂ ಇಲ್ಲ, ಇಬ್ಬರೂ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದರು. ಮೊದಲರ್ಧ ಹಿಂದೆ ಬಿದ್ದಿದ್ದ ಹುಡುಗಿ ಗೋಡೆ ಮುಟ್ಟಿ ತಿರುಗಿದವಳೇ ಮೀನಿನಂತೆ ನುಗ್ಗಿ ಎರಡನೆಯವಳಾಗಿ ದಡ ಮುಟ್ಟಿದಳು. ಅತ್ತಿಗೆ ನಾದಿನಿ ತಬ್ಬಿಕೊಂಡು ಕುಣಿದರು. ಆಮೇಲೆ ನಾದಿನಿ ಮೂಗೊರೆಸಿಕೊಂಡು, "ನಡೀರಿ, ಮೂವರೂ ಹೋಗೋಣ" ಎಂದಳು.

ನಿಧಾನಣ್ಣನ ಅಂಗಡಿ ಒಬ್ಬರು ನಿಂತರೆ ಇನ್ನೊಬ್ಬರು ಉಸಿರಾಡಲಾಗದಷ್ಟು ಕಿರಿದು. ಒದ್ದೆ ತಲೆಯ ಹುಡುಗಿ ಸ್ಟೂಲಿನ ಮೇಲೆ, ಇವರಿಬ್ಬರೂ ಅವನ ಬೆನ್ನ ಹಿಂದೆ. ಅವನು ಕಾರ್ಡನ್ನು ಚಿಮುಟದಲ್ಲಿ ಹೊರತೆಗೆದು ಕಂಪ್ಯೂಟರಿಗೆ ಹಾಕಿದ.

"ಮೊದಲು ಕಾರ್ಡಿನ ಪೂರ್ತಿ ನಕಲು ತೆಗೀತೀನಿ. ಹುಡುಕೋದೆಲ್ಲ ನಕಲಿನಲ್ಲೇ. ಮೂಲಕ್ಕೆ ಕೈ ಹಚ್ಚಲ್ಲ."

"ಎಲ್ಲ ಸಿಗತ್ತಾ?"

"ಸಿಕ್ಕಿದ್ದು ಸಿಗತ್ತೆ. ನಿಧಾನ."

ಪರದೆಯ ಮೇಲೆ ಹಸಿರು ಗೆರೆ ಬಸವನಹುಳುವಿನಂತೆ ತೆವಳಿತು. ನಾದಿನಿ ಉಗುರು ಕಚ್ಚಿದಳು. ಕೊನೆಗೂ ಹುಡುಕಾಟ ಶುರುವಾಗಿ ಮೊದಲ ಚಿತ್ರ ಟಕ್ಕೆಂದು ಮೂಡಿತು. ಎಲ್ಲರೂ ಮುಂದಕ್ಕೆ ಬಾಗಿದರು.

ಅದು ಕಿಟಕಿಯಲ್ಲ. ಅತ್ತೆ!

ಗಾಜಿನಕ್ಕನ ಅತ್ತೆ ಎಂದರೆ ನಾದಿನಿಯ ತಾಯಿ. ಯಾರು ಕ್ಯಾಮೆರಾ ಎತ್ತಿದರೂ ಸೆರಗು ಅಡ್ಡ ಹಿಡಿದು ಒಳಗೆ ಹೋಗುವ ಹೆಂಗಸು. ಇಲ್ಲಿ ನೋಡಿದರೆ ಸೊಸೆಯ ಕಪ್ಪು ಕನ್ನಡಕ ಹಾಕಿಕೊಂಡು, ತುಟಿ ಓರೆ ಮಾಡಿಕೊಂಡು, ತಾವೇ ತಮ್ಮ ಫೋಟೋ ತೆಗೆದುಕೊಂಡಿದ್ದಾರೆ. ಅದರ ಹಿಂದೆ ಇನ್ನೊಂದು: ಕನ್ನಡಿ ಮುಂದೆ, ಸೊಸೆಯ ಟೋಪಿಯಲ್ಲಿ. ಇನ್ನೊಂದು: ಹಲ್ಲೆಲ್ಲ ಕಾಣುವಂತೆ ನಗು. ಸಾಲು ಸಾಲು.

"ಅಮ್ಮ!" ನಾದಿನಿ ಬಾಯಿಗೆ ಕೈ ಹಿಡಿದಳು. "ತೆಗೆದೂ ತೆಗೆದೂ ಅಳಿಸಿದಾಳೆ ಕಳ್ಳಿ!"

"ಅಜ್ಜಿ ಎಷ್ಟು ಚೆನ್ನಾಗಿದಾರೆ" ಎಂದಳು ಹುಡುಗಿ.

ನಗು ಮುಗಿಯುವ ಮುನ್ನವೇ ಮೊದಲ ಬೆಳ್ಳಕ್ಕಿ ಬಂತು. ಬಿಳಿ ರೆಕ್ಕೆಯ ತುದಿ, ಅದರ ಪಕ್ಕ ಮೋಡ. ಮತ್ತೊಂದು. ಮತ್ತೂ ಒಂದು. ಆಮೇಲೆ ಕಟ್ಟೆಯೊಡೆದ ಹಾಗೆ ಬಂದವು. ಗಾಜಿನಕ್ಕ ಪ್ರತಿಯೊಂದಕ್ಕೂ "ಬಂತು! ಇದು ಮೇಲಿನ ಸಾಲು! ಬಂತು!" ಎಂದು ಕೂಗುತ್ತಿದ್ದಳು. ಬೀದಿಯಲ್ಲಿ ಹೋಗುವವರು ನಿಂತು ಇಣುಕಿದರು. ನಿಧಾನಣ್ಣ ತನ್ನ ಹೆಸರನ್ನೇ ಮರೆತು ಮೇಜು ಗುದ್ದುತ್ತಿದ್ದ.

ಎಲ್ಲ ಮುಗಿದಾಗ ಒಂದು ಮೂಲೆ ಉಳಿಯಿತು. ಕೆಳಗಿನ ಬಲಮೂಲೆಯ ಫೋಟೋಗಳು ಅರ್ಧಕ್ಕೇ ನಿಂತು ಉಳಿದರ್ಧ ಬೂದು ಪಟ್ಟಿಯಾಗಿದ್ದವು.

"ಆ ನೀರಿನ ವಿಡಿಯೋ ಕೂತ ಜಾಗ" ಎಂದ ನಿಧಾನಣ್ಣ. "ಇದು ಮಾತ್ರ ಯಾರ ಕೈಲೂ ಆಗಲ್ಲ ಅಕ್ಕ."

ನಾದಿನಿಯ ಕಣ್ಣಲ್ಲಿ ನೀರು ತುಂಬಿತು. ಗಾಜಿನಕ್ಕ ಅವಳ ಭುಜ ತಟ್ಟಿ, ಆ ಬೂದು ಪಟ್ಟಿಯನ್ನೇ ದಿಟ್ಟಿಸಿದಳು. ಆ ಮೂಲೆಯಲ್ಲಿ ಜೊಂಡಿನ ನಡುವೆ ಏನೋ ಇತ್ತು, ಕಂದು ಬಣ್ಣದ್ದು. ಎಷ್ಟು ನೆನೆದರೂ ಕಣ್ಣಿಗೆ ಕಟ್ಟಲೊಲ್ಲದು.

ಅಷ್ಟರಲ್ಲಿ ಹುಡುಗಿ ಕಂಪ್ಯೂಟರಿನ ಮೌಸ್ ಹಿಡಿದು ಅಜ್ಜಿಯ ಫೋಟೋಗಳನ್ನೇ ಮತ್ತೆ ನೋಡುತ್ತಿದ್ದಳು. "ಮಾಮಿ, ಅಜ್ಜಿ ಇಲ್ಲಿ ಎಲ್ಲಿದಾರೆ?"

ಅತ್ತೆ ಗಲ್ಲ ಎತ್ತಿ ನಗುತ್ತಿದ್ದಾರೆ. ಭುಜದ ಹಿಂದೆ ಬಣ್ಣ ಬಣ್ಣದ ಬೆಳಕು. ಗಾಜಿನಕ್ಕ ಹುಡುಗಿಯನ್ನು ಪಕ್ಕಕ್ಕೆ ಸರಿಸಿ ಪರದೆಗೆ ಮೂಗು ತಾಗಿಸಿದಳು. ತಾನು ಊಟದ ಡಬ್ಬಿ ಮರೆತು ಹೋದ ದಿನ ಅತ್ತೆ ಅದನ್ನು ವಾಚನಾಲಯಕ್ಕೆ ತಂದಿದ್ದರು. ತಾನು ಏಣಿ ಹತ್ತುವಾಗ ಫೋನನ್ನು ಅವರ ಕೈಗೆ ಕೊಟ್ಟಿದ್ದಳು. ಕೆಳಗೆ ನಿಂತು ಅವರು ಮಾಡಿದ ಕೆಲಸ ಇದು! ಹಿಂದೆ ಕಾಣುವುದು ಆ ಮೂಲೆಯೇ, ಚಾಚೂ ತಪ್ಪದೆ. ಜೊಂಡಿನ ನಡುವೆ ಕಂದು ಗಾಜಿನ ಮರಿಯೊಂದು, ಹಿಂಡಿನ ಜೊತೆ ಹಾರಲು ಕತ್ತು ಚಾಚಿತ್ತು.

"ಆದರೆ ಇದು ಎಡಮೂಲೆಯಲ್ವಾ?" ಎಂದಳು ನಾದಿನಿ.

ಒಂದು ಕ್ಷಣ ಗಾಜಿನಕ್ಕನ ಜೀವ ಬಾಯಿಗೆ ಬಂತು. ಆಮೇಲೆ ಫೋಟೋದಲ್ಲಿ ವಾಚನಾಲಯದ ಗೋಡೆಯ ಫಲಕ ಕಂಡಿತು. 'ಮೌನವಾಗಿರಿ' ಎಂಬ ಅಕ್ಷರಗಳು ಹಿಂದುಮುಂದಾಗಿದ್ದವು.

"ಅಲ್ಲ ಕಣೇ, ಕನ್ನಡಿ ಥರ ತಿರುಗಿದೆ! ಮುಂದಿನ ಕ್ಯಾಮೆರಾದಲ್ಲಿ ತೆಗೆದದ್ದು. ತಿರುಗಿಸು ಅಣ್ಣ, ತಿರುಗಿಸು!"

ನಿಧಾನಣ್ಣ ಚಿತ್ರವನ್ನು ಮಗುಚಿದ. ಫಲಕ ನೆಟ್ಟಗಾಯಿತು. ಬಲಮೂಲೆ ಬಲಕ್ಕೆ ಬಂದು ಕೂತಿತು. ಅಂಗಡಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಓಡಿಬಂದ.

ಎಲ್ಲ ಫೋಟೋಗಳನ್ನೂ ಎರಡೆರಡು ಕಡೆ ಇಳಿಸಿಕೊಂಡು ಅವರು ಮನೆಗೆ ಬಂದಾಗ ಅತ್ತೆ ಬಟ್ಟೆ ಮಡಿಚುತ್ತಿದ್ದರು. ನಾದಿನಿ ಕನ್ನಡಕದ ಫೋಟೋ ತೋರಿಸಿದಳು.

ಅತ್ತೆಯ ಕೈಯಲ್ಲಿದ್ದ ದುಪ್ಪಟಿ ಜಾರಿತು. "ಅಯ್ಯೋ! ಅಳಿಸಿದ್ದೆನಲ್ಲೇ!"

"ಅಳಿಸಿದ್ದೆಲ್ಲ ಹೋಗಲ್ವಂತೆ ಅಮ್ಮ."

ಅತ್ತೆಯ ಕಿವಿ ಕೆಂಪಗಾಯಿತು. ಸಿಟ್ಟು ಬರಿಸಿಕೊಳ್ಳಲು ನೋಡಿದರು, ಬರಲಿಲ್ಲ. "ನೀವ್ಯಾರೂ ನೋಡದಾಗ... ಸುಮ್ಮನೆ. ಈ ವಯಸ್ಸಲ್ಲಿ ಹೇಗೆ ಕಾಣ್ತೀನಿ ಅಂತ ನೋಡೋಣ ಅನ್ನಿಸ್ತು. ನಿಮ್ಮೆದುರಿಗೆ ನಿಂತ್ರೆ ಮುಖ ಬಿಗಿಯತ್ತೆ" ಎಂದು, ಗಾಜಿನಕ್ಕನ ಕಡೆ ತಿರುಗಿದರು. "ನಿನ್ನ ಫೋನು ಮುಟ್ಟಿದ್ದಕ್ಕೆ ಬೇಜಾರಾ?"

"ಬೇಜಾರಾ! ಅತ್ತೆ, ನನ್ನ ಕೆಲಸ ಉಳಿಸಿದ್ದೇ ನೀವು" ಎಂದು ಗಾಜಿನಕ್ಕ ಮೂಲೆಯ ಫೋಟೋ ತೆರೆದು ಅವರ ಪಕ್ಕದಲ್ಲೇ ಕೂತಳು. ಅತ್ತೆ ತಮ್ಮ ಮುಖವನ್ನು ಬಿಟ್ಟು ಹಿಂದಿನ ಗಾಜನ್ನು ನೋಡಿದರು. ಆಮೇಲೆ ಗಾಜನ್ನು ಬಿಟ್ಟು ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು.

ಕಿಟಕಿ ಮತ್ತೆ ಮೇಲೇರಿತು. ಆ ಮೂಲೆ ಕೂರಿಸುವ ದಿನ ಅತ್ತೆ ಏಣಿಯ ಬುಡದಲ್ಲೇ ನಿಂತು ತುಂಡು ತುಂಡು ಎತ್ತಿಕೊಟ್ಟರು. ಈಗ ವಾಚನಾಲಯಕ್ಕೆ ಯಾರೇ ಹೊಸಬರು ಬಂದರೂ ಅತ್ತೆ ಅವರನ್ನು ಕಿಟಕಿಯ ಹತ್ತಿರ ಕರೆದೊಯ್ದು, "ಈ ಮರಿ ಇದೆಯಲ್ಲ, ಇದು ನನ್ನ ಫೋಟೋದಿಂದಲೇ ಬದುಕಿದ್ದು" ಎಂದು ಗ್ರಂಥಪಾಲಕರಿಗೆ ಕೇಳಿಸದಂತೆ ಪಿಸುಗುಡುತ್ತಾರೆ. ಎಲ್ಲಿ ಆ ಫೋಟೋ, ತೋರಿಸಿ ಎಂದರೆ ಮಾತ್ರ ಅವರ ಕಿವಿ ಕೇಳುವುದಿಲ್ಲ.