ಎಡಗಡೆಯ ಕೆಂಪು ಚುಕ್ಕೆ

ಒದ್ದೆ ಹೊದಿಕೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಹಿಂಡುತ್ತಿದ್ದಳು. ದಪ್ಪ ಬಟ್ಟೆಗೆಲ್ಲ ಶನಿವಾರವೇ ಗತಿ. ಅರ್ಧ ಹಿಂಡಿದ್ದಳೋ ಇಲ್ಲವೋ, ಒಳಗಿನಿಂದ ಲೋಟಕ್ಕೆ ಚಮಚ ಬಡಿಯುವ ಸದ್ದು ಬಂತು. ಟಣ್, ಟಣ್, ಟಣ್.

ಅವಳ ಕೈ ನಿಂತಿತು. ದಿನಾ ಈ ಹೊತ್ತಿಗೆ ಮಾವನ ಕೋಣೆಯಿಂದ ಬರುತ್ತಿದ್ದುದು ಚಮಚದ ಸದ್ದಲ್ಲ, "ಚಹಾ ಎಲ್ಲಿ ಅಮ್ಮಾ? ಬಸ್ಸು ಹೊರಟಿದೆ!" ಎನ್ನುವ ತುಂಬುಗಂಟಲಿನ ಕೂಗು.

ಹಿಡಿತ ಸಡಿಲವಾದದ್ದೇ ತಡ, ಹೊದಿಕೆ ಗಿರ್ರನೆ ತಿರುಗಿ ನೀರನ್ನೆಲ್ಲ ಅವಳ ಕಾಲ ಮೇಲೆ ಸುರಿಯಿತು. ಒದ್ದೆ ಪಾದದಲ್ಲೇ ಒಳಗೆ ಓಡಿದಳು.

ಮಾವ ಕಂಪ್ಯೂಟರಿನ ಮುಂದೆ ಕೂತಿದ್ದರು. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯ ಬೆರಳು ಕೀಬೋರ್ಡಿನ ಮೇಲೆ. ಒತ್ತಿದರು, ಸದ್ದಿಲ್ಲ. ಇನ್ನೊಮ್ಮೆ ಒತ್ತಿದರು, ಸದ್ದಿಲ್ಲ. ಮಡಿಲಲ್ಲಿದ್ದ ಸ್ಲೇಟಿನ ಮೇಲೆ ಬರೆದು ಅವಳ ಕಡೆ ತಿರುಗಿಸಿದರು: ಗಂಟಲು ಮತ್ತೆ ಹೋಯ್ತು.

ಮಾವ ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಎಂಟು ವರ್ಷದ ಹಿಂದೆ ಗಂಟಲಿನಲ್ಲಿ ಗಡ್ಡೆಯಾಗಿ, ಆಪರೇಷನ್ ಆದಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅವಳ ಮೈದುನ ಒಂದು ಉಪಾಯ ಹೂಡಿದ. ಅವನು ಲಿಫ್ಟ್ ರಿಪೇರಿಯವನು, ಆದರೆ ಕಂಪ್ಯೂಟರಿನ ಹುಚ್ಚು. ಅಪ್ಪನನ್ನು ಮೂರು ದಿನ ಮೈಕಿನ ಮುಂದೆ ಕೂರಿಸಿ ಅರವತ್ತನಾಲ್ಕು ಮಾತು ಹಿಡಿದಿಟ್ಟುಕೊಂಡ. ಒಂದೊಂದು ಬಟನ್ನಿಗೆ ಒಂದೊಂದು ಮಾತು ಬರುವ ಹಾಗೆ ಪುಟ್ಟ ಪ್ರೋಗ್ರಾಮು ಬರೆದ. ಯಾವ್ಯಾವ ಮಾತು ಬೇಕಾದೀತು ಎಂದು ಪಟ್ಟಿ ಮಾಡಿದವಳು ಅವಳೇ. ಏಳು ತಿಂಗಳ ಹೊಟ್ಟೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಬರೆದಿದ್ದಳು. ಹೌದು, ಬೇಡ, ನೀರು, ಕಿಟಕಿ ತೆಗಿ, ಸಾಕು ಬಿಡು. ಮನೆಯವರ ಹೆಸರು ಒಂದೊಂದು. ಆಗ ಸಾಕಿದ್ದ ಬೆಕ್ಕಿನದೂ. ಬಚ್ಚಲುಮನೆ ಹೊಕ್ಕು ಹೊರಗೆ ಬಾರದವರಿಗೆಂದು ಮಾವ ತಾವೇ ಸೇರಿಸಿದ್ದು, "ಮುಂದೆ ನಡೀರಿ, ಮುಂದೆ ನಡೀರಿ!"

ಬರೆದು ತೋರಿಸಲು ಸ್ಲೇಟು ಇತ್ತು, ನಿಜ. ಆದರೆ ಸ್ಲೇಟು ಕಾಣಿಸಬೇಕಲ್ಲ. ಪ್ರತಿ ಶನಿವಾರ ಹನ್ನೊಂದಕ್ಕೆ ಸರಿಯಾಗಿ ಮಾವನ ಅಕ್ಕ ದೂರದಿಂದ ಫೋನು ಮಾಡುತ್ತಿದ್ದರು. ಎಂಬತ್ತು ದಾಟಿದ ದೊಡ್ಡತ್ತೆಗೆ ಕಣ್ಣು ಪೂರ್ತಿ ಹೋಗಿತ್ತು. ತಮ್ಮನ ದನಿ ಕೇಳಿಸಿದರೆ ತಮ್ಮ ಇದ್ದಾನೆ, ಕೇಳಿಸದಿದ್ದರೆ ಇಲ್ಲ, ಅಷ್ಟೇ ಅವರ ಲೆಕ್ಕ. ಹೋದ ವರ್ಷ ಒಂದು ಶನಿವಾರ ಕರೆಂಟು ಹೋಗಿ ಮಾತು ತಪ್ಪಿದಾಗ, ಯಾರು ಎಷ್ಟು ಹೇಳಿದರೂ ನಂಬದೆ "ನನ್ನಿಂದ ಏನೋ ಮುಚ್ಚಿಡ್ತಿದ್ದೀರಿ" ಎಂದು ಅತ್ತೂ ಅತ್ತೂ ಆಸ್ಪತ್ರೆ ಸೇರಿದ್ದರು.

ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು.

ಪರದೆಯ ಮೂಲೆಯಲ್ಲಿ ಹಸಿರು ಗುರಾಣಿಯೊಂದು ಹಲ್ಲು ಕಿರಿಯುತ್ತಿತ್ತು. ಒಂದು ಅಪಾಯವನ್ನು ತೆಗೆದುಹಾಕಲಾಗಿದೆ, ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ.

"ಅಯ್ಯೋ ನಿನ್ನ ಸುರಕ್ಷತೆಗಿಷ್ಟು!" ಅಂದಳು ಅವಳು.

ಆಂಟಿವೈರಸ್ ಎಂದರೆ ಆ ಮನೆಯಲ್ಲಿ ಯಾರಿಗೂ ಆಗದು. ಮಾವ ಅದಕ್ಕೆ ಇಟ್ಟ ಹೆಸರು ಚೆಕಿಂಗ್ ಇನ್ಸ್‌ಪೆಕ್ಟರ್. ತುಂಬಿದ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಟಿಕೆಟ್ ಇದ್ದವರನ್ನೇ ಎರಡೆರಡು ಸಲ ಕೇಳಿ, ಇಲ್ಲದವನು ಹಿಂದಿನ ಬಾಗಿಲಿನಿಂದ ಇಳಿದು ಹೋದರೂ ನೋಡದ ಪೈಕಿ. ಕಂಪ್ಯೂಟರ್ ಹಚ್ಚಿದರೆ ಇಪ್ಪತ್ತು ನಿಮಿಷ ಅದರದೇ ದರ್ಬಾರು. ಇದು ಸಾಲದೆಂದು, ರೈಲಿನಲ್ಲಿ ಗಾರ್ಡ್ ಆಗಿ ವಾರದಲ್ಲಿ ನಾಲ್ಕು ದಿನ ಮನೆಯಲ್ಲೇ ಇರದ ಅವಳ ಗಂಡ ಇನ್ನೊಂದು ಆಂಟಿವೈರಸ್ಸನ್ನೂ ಹಾಕಿ ಹೋಗಿದ್ದ. ಎರಡಕ್ಕೂ ಒಂದರ ಮೇಲೊಂದಕ್ಕೆ ಅನುಮಾನ.

ದಿನಕ್ಕೆ ಹತ್ತು ಸಲ ಕೆಂಪು ಪೆಟ್ಟಿಗೆಯೊಂದು ಪರದೆಯ ಮೇಲೆ ಏಳುತ್ತಿತ್ತು. ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಉದ್ದಾನುದ್ದ ಪ್ರಶ್ನೆ, ಕೆಳಗೆ ಎರಡು ಉತ್ತರ. ಎಡಗಡೆ ಒತ್ತಿದರೆ ಬಿಟ್ಟುಬಿಡುತ್ತದೆ, ಬಲಗಡೆ ಒತ್ತಿದರೆ ಎತ್ತಿ ಹಾಕುತ್ತದೆ. ಅದನ್ನೆಲ್ಲ ಓದಿಕೊಂಡು ಕೂರುವ ಪುರುಸೊತ್ತು ಯಾರಿಗಿತ್ತು? ನಾಲ್ಕು ವರ್ಷದ ಹಿಂದೆ ಅವಳೇ ಪರದೆಯ ಚೌಕಟ್ಟಿನ ಎಡಗಡೆ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟು ಮನೆಮಂದಿಗೆಲ್ಲ ಅಪ್ಪಣೆ ಕೊಟ್ಟಿದ್ದಳು. ಅದು ಏನೇ ಕೇಳಲಿ, ಚುಕ್ಕೆ ಕಡೆ ಒತ್ತಿ, ಕೈ ತೊಳ್ಕೊಳ್ಳಿ. ನಾಲ್ಕು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ.

"ಬೆಳಿಗ್ಗೆಯಿಂದ ಯಾರಾದ್ರೂ ಇದನ್ನ ಮುಟ್ಟಿದ್ರಾ?"

ಬಾಗಿಲಲ್ಲಿ ಮಗಳು ನಿಂತಿದ್ದಳು. ಏಳು ವರ್ಷದವಳು, ಒಂದು ಕಾಲಿಗೆ ಮಾತ್ರ ಸಾಕ್ಸು.

"ನಾನು ಚುಕ್ಕೆ ಕಡೇನೇ ಒತ್ತಿದ್ದು," ಎಂದಳು ಮೊದಲೇ.

"ಯಾವಾಗ?"

"ತಾತ ಮುಖ ತೊಳೆಯೋಕೆ ಹೋಗಿದ್ರಲ್ಲ, ಆವಾಗ."

"ಎದ್ದ ತಕ್ಷಣ ನಿನಗೆ ತಾತನ ಕಂಪ್ಯೂಟರಲ್ಲಿ ಏನು ಕೆಲಸ?"

"ಎಲ್ಲಾ ಬಟನ್ನೂ ಒತ್ತಿ ನೋಡ್ತಿದ್ದೆ. ಸೌಂಡ್ ಸಣ್ಣಗೆ ಮಾಡ್ಕೊಂಡು. ಆಗ ಕೆಂಪು ಪೆಟ್ಟಿಗೆ ಬಂತು."

"ಎಲ್ಲಾ ಯಾಕೆ ಒತ್ತಬೇಕಿತ್ತು?"

ಮಗಳು ಸಾಕ್ಸಿನ ತುದಿ ಎಳೆದಳು. "ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕೇಳು ಕಂದಾ. ಈಗ ಒಂಚೂರು ಸುಮ್ನಿರು."

ಅಷ್ಟರಲ್ಲಿ ಇನ್ನೊಂದು ಕೆಂಪು ಪೆಟ್ಟಿಗೆ ಎದ್ದಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಅದನ್ನು ಓದಿದಳು. ಹಿಂದಿನ ದಿನ ಅಪ್‌ಡೇಟ್ ಆಗುತ್ತೇನೆಂದು ಒಂದು ಗಂಟೆ ಸತಾಯಿಸಿ ಹೊಸ ಅವತಾರ ಎತ್ತಿತ್ತಲ್ಲ, ಆಗಲೇ ಎರಡು ಉತ್ತರಗಳೂ ಜಾಗ ಬದಲಿಸಿಕೊಂಡಿದ್ದವು. ಬಿಟ್ಟುಬಿಡು ಎನ್ನುವುದು ಈಗ ಬಲಗಡೆ. ತೆಗೆದುಹಾಕು ಎನ್ನುವುದು ಸರಿಯಾಗಿ ಅವಳ ಕೆಂಪು ಚುಕ್ಕೆಯ ಪಕ್ಕದಲ್ಲಿ.

ಮಗು ತಪ್ಪು ಮಾಡಿರಲಿಲ್ಲ. ಅಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ಮೈದುನನಿಗೆ ಫೋನು ಹಚ್ಚಿದಳು. ಸಿಗಲಿಲ್ಲ. ಅವನು ಲಿಫ್ಟಿನ ಗುಂಡಿಗೆ ಇಳಿದರೆ ಸಿಗ್ನಲ್ಲೂ ಅವನ ಜೊತೆ ಇಳಿದುಬಿಡುತ್ತದೆ. ಮತ್ತೆ ಹಚ್ಚಿದಳು. ನಡುವೆ ಆಂಟಿವೈರಸ್ಸಿನ ಸಹಾಯವಾಣಿಗೂ ಮಾಡಿದಳು. ಜೇನು ಸವರಿದ ಹೆಣ್ಣು ದನಿಯೊಂದು ಒಂದನ್ನು ಒತ್ತಿ, ಎರಡನ್ನು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹದಿನೇಳು ನಿಮಿಷ ಉಪಚಾರ ಮಾಡಿ, ಕೊನೆಗೆ ಉಚಿತ ಬಳಕೆದಾರರಿಗೆ ಈ ಸೌಲಭ್ಯ ಇರುವುದಿಲ್ಲ ಎಂದು ಕೈತೊಳೆದುಕೊಂಡಿತು. ಪಕ್ಕದಲ್ಲೇ ಕೂತು ಕೇಳುತ್ತಿದ್ದ ಮಾವ ಸ್ಲೇಟಿನಲ್ಲಿ ಬರೆದರು: ಇವಳಿಗೆ ಎಷ್ಟೊಂದು ಗಂಟಲು!

ನಗು ಬರಬೇಕಿತ್ತು. ಆದರೆ ಬರೆದು ಮುಗಿಸಿದ ಮಾವ ಮತ್ತೆ ಗಡಿಯಾರದ ಕಡೆ ತಿರುಗಿದ್ದನ್ನು ಅವಳು ನೋಡಿದಳು. ಎದ್ದು ಹೋಗಿ ಚಹಾ ಇಟ್ಟಳು, ಉಕ್ಕಿಸಿದಳು, ಒಲೆ ಒರೆಸಿದಳು, ಹಿತ್ತಲಿಗೆ ಹೋಗಿ ಹೊದಿಕೆಯನ್ನು ಮುಟ್ಟಿ ಹಿಂಡದೆಯೇ ವಾಪಸು ಬಂದಳು. ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ.

ಹತ್ತೂ ಹತ್ತಕ್ಕೆ ಮೈದುನನೇ ಫೋನು ಮಾಡಿದ. "ಅತ್ತಿಗೇ! ಹನ್ನೊಂದು ಮಿಸ್ಡ್ ಕಾಲು! ಅಪ್ಪನಿಗೇನಾದ್ರೂ..."

"ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ಅವರ ದನಿ ಹೋಗಿದೆ. ಆ ಇನ್ಸ್‌ಪೆಕ್ಟರ್ ಎತ್ಕೊಂಡು ಹೋಗಿದೆ." ಒಂದೇ ಉಸಿರಿಗೆ ಎಲ್ಲ ಹೇಳಿದಳು. "ನಿನ್ನ ಹತ್ರ ಇನ್ನೊಂದು ಕಾಪಿ ಇದೆ ತಾನೆ?"

"ನನ್ನ ಹಳೇ ಕಂಪ್ಯೂಟರ್ ಸುಟ್ಟು ಹೋಯ್ತಲ್ಲ ಅತ್ತಿಗೆ. ಇರೋದು ಅದೊಂದೇ."

ಅವಳು ಮಾವನ ಕಡೆ ನೋಡಲಿಲ್ಲ.

"ಗಾಬರಿ ಬೇಡ," ಎಂದ ಅವನೇ. "ತೆಗೆದುಹಾಕಿದೆ ಅಂದ್ರೂ ಪೂರ್ತಿ ಅಳಿಸಲ್ಲ. ಕ್ವಾರಂಟೈನ್ ಅಂತ ಇರುತ್ತೆ, ಅದರಲ್ಲಿ ಕೂಡಿ ಹಾಕಿರುತ್ತೆ."

"ಅದು ಮಾಡಿದ ಪಾಪವಾದ್ರೂ ಏನಪ್ಪಾ?"

"ಯಾರು ಯಾವ ಬಟನ್ ಒತ್ತುತ್ತಾರೆ ಅಂತ ಕಾಯ್ತಾ ಕೂರೋದೇ ನನ್ನ ಪ್ರೋಗ್ರಾಮಿನ ಕೆಲಸ. ಪಾಸ್‌ವರ್ಡ್ ಕದಿಯೋ ಕಳ್ಳರೂ ಅದನ್ನೇ ಮಾಡೋದು. ಅದಕ್ಕೆ ಅಪ್ಪನ್ನ ನೋಡಿದ್ರೂ ಒಂದೇ, ಕಳ್ಳನ್ನ ನೋಡಿದ್ರೂ ಒಂದೇ."

ಹುಡುಕಿದಳು. ಸೆಟ್ಟಿಂಗ್ಸು, ಅದರೊಳಗೆ ರಕ್ಷಣೆ, ಅದರೊಳಗೆ ಇತಿಹಾಸ. ಸ್ಕ್ಯಾನ್ ನಡೆಯುತ್ತಿದೆ, ದಯವಿಟ್ಟು ಕಾಯಿರಿ ಎಂದಿತು. ಅರವತ್ತೊಂದು ಪರ್ಸೆಂಟು. ಹತ್ತು ನಿಮಿಷ ಬಿಟ್ಟು ನೋಡಿದರೆ ಅರವತ್ತೆರಡು. ನಿಲ್ಲಿಸು ಎಂದು ಒತ್ತಿದರೆ, ನಿಜವಾಗಿಯೂ ನಿಲ್ಲಿಸಬೇಕೆ ಎಂದಿತು. ಹೌದು ಎಂದರೆ, ಖಚಿತವೇ ಎಂದಿತು.

"ಹೌದು ಮಾರಾಯಾ, ಬರೆದು ಕೊಡ್ಲಾ?" ಎಂದಳು ಅವಳು ಪರದೆಗೆ.

ಕ್ವಾರಂಟೈನ್ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ಹಾಕಿದವನು ಗಂಡ. ಅವನ ಫೋನು ಡ್ಯೂಟಿಯಲ್ಲಿ ಬಂದ್. ಮಗಳ ಹುಟ್ಟಿದ ದಿನ ಹಾಕಿದಳು, ಅಲ್ಲ. ಮದುವೆಯ ದಿನ ಹಾಕಿದಳು. "ಅದು ಅವನಿಗೆ ಎಲ್ಲಿ ನೆನಪಿರುತ್ತೆ ಅತ್ತಿಗೆ!" ಎಂದ ಮೈದುನ. ಇನ್ನೊಂದು ಸಲ ತಪ್ಪಿದರೆ ಒಂದು ಗಂಟೆ ಬಾಗಿಲು ಮುಚ್ಚುತ್ತೇನೆಂದು ಪೆಟ್ಟಿಗೆ ಹೆದರಿಸಿತು.

ಗಡಿಯಾರ ಹತ್ತೂ ಮುಕ್ಕಾಲು.

ಮಾವ ಸ್ಲೇಟನ್ನು ಅವಳ ಮೂಗಿನ ಹತ್ತಿರಕ್ಕೇ ಹಿಡಿದರು: ನನ್ನ ಬಸ್ಸಿನ ನಂಬರು ಹಾಕು. ಚಿಕ್ಕವನಿದ್ದಾಗ ಗೋಡೆ ತುಂಬ ಅದನ್ನೇ ಗೀಚುತ್ತಿದ್ದ.

ಹಾಕಿದಳು. ಬಾಗಿಲು ತೆರೆಯಿತು. ಮಾವ ಕೆಮ್ಮಿ, ಕಿಟಕಿಯ ಕಡೆ ತಿರುಗಿ, ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

ಪ್ರೋಗ್ರಾಮನ್ನು ಹೊರಗೆ ತಂದಳು. ತಂದು ಉಸಿರು ಬಿಡುವುದರೊಳಗೆ ಎರಡನೆಯ ಆಂಟಿವೈರಸ್ ಅದನ್ನು ಕುತ್ತಿಗೆ ಹಿಡಿದು ಒಳಗೆ ತಳ್ಳಿತು. ಅಲ್ಲಿಂದ ಬಿಡಿಸಿದರೆ ಮೊದಲನೆಯದು ಹಿಡಿಯಿತು.

"ಎರಡಕ್ಕೂ ಮೊದಲು ಹೇಳಬೇಕು ಅತ್ತಿಗೆ, ಇವನು ನಮ್ಮವನು ಅಂತ. ಆಮೇಲೆ ಬಿಡಿಸಬೇಕು," ಎಂದು ಮೈದುನ ಒಂದೊಂದೇ ಹೆಜ್ಜೆ ಹೇಳಿದ. ಅವಳು ಈಗ ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ, ಬೆರಳಿಟ್ಟು, ಆಮೇಲೆ ಒತ್ತಿದಳು. ಬೆನ್ನ ಹಿಂದೆ ಮಗಳು ನಿಂತು ಅವಳ ಸೆರಗಿನ ತುದಿಯನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಅಮ್ಮಾ, ಈಗ ಕೇಳ್ಲಾ?"

"ಒಂದೇ ಒಂದು ನಿಮಿಷ, ನನ್ನ ಬಂಗಾರ."

ಹತ್ತೂ ಐವತ್ತೇಳು. ಅವಳು ಕೀಬೋರ್ಡನ್ನು ಮಾವನ ಕಡೆ ಸರಿಸಿದಳು. ಮಾವ ಬೆರಳನ್ನು ಒಮ್ಮೆ ಅಂಗಿಗೆ ಒರೆಸಿಕೊಂಡು ಒತ್ತಿದರು.

"ಮುಂದೆ ನಡೀರಿ, ಮುಂದೆ ನಡೀರಿ!"

ಫೋನಿನಲ್ಲಿ ಮೈದುನ ಹೋ ಎಂದು ಕೂಗಿದ. ಇನ್ನು ಮೂರು ಕಡೆ ಕಾಪಿ ಮಾಡಿಡುತ್ತೇನೆ, ಬರುವ ವಾರವೇ ಬರುತ್ತೇನೆ ಎಂದು ಆಣೆ ಹಾಕಿ ಮತ್ತೆ ತನ್ನ ಗುಂಡಿಗಿಳಿದ. ಅವಳು ಮೊದಲು ಮಾಡಿದ ಕೆಲಸವೆಂದರೆ ಉಗುರಿನಿಂದ ಆ ಕೆಂಪು ಚುಕ್ಕೆಯನ್ನು ಕೆರೆದು ತೆಗೆದದ್ದು. ಪೂರ್ತಿ ಹೋಗಲಿಲ್ಲ. ಮಸುಕಾಗಿ ಉಳಿಯಿತು.

"ನಿನ್ನ ತಪ್ಪೇನೂ ಇಲ್ಲ, ಗೊತ್ತಾಯ್ತಾ?" ಎಂದು ಮಗಳ ತಲೆ ಸವರಿದಳು. "ಓದದೆ ಒತ್ತು ಅಂತ ಹೇಳಿಕೊಟ್ಟವಳು ನಾನೇ." ಮಗಳು ತಲೆ ಆಡಿಸಿದಳು. ಆದರೆ ಮುಖ ಅರಳಲಿಲ್ಲ.

ಹನ್ನೊಂದಕ್ಕೆ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿ ಕಂಪ್ಯೂಟರಿನ ಪಕ್ಕ ಇಟ್ಟಳು.

"ಏನೋ, ಇದ್ದೀಯೇನೋ?" ದೊಡ್ಡತ್ತೆಯ ದನಿ.

"ಇದ್ದೀನಿ ಕಣಕ್ಕಾ," ಎಂದಿತು ಕಂಪ್ಯೂಟರ್.

"ಇರು, ಇರು. ಊಟ ನಿದ್ದೆ ಸರಿಯಾಗಿದೆಯಾ?"

"ಹೌದು."

"ಬರೀ ಹೌದು ಅಂತೀಯ. ಮೊದಲೆಲ್ಲ ನಿನ್ನ ಬಾಯಿ ಮುಚ್ಚಿಸೋಕೆ ಅಪ್ಪ ಕೋಲು ತಗೋಬೇಕಿತ್ತು."

"ಸಾಕು ಬಿಡು."

ಆ ಕಡೆ ದೊಡ್ಡತ್ತೆ ಕಿಲಕಿಲ ನಕ್ಕರು. ಅವಳು ಗೋಡೆಗೆ ಒರಗಿದಳು. ಬೆಳಗಿನಿಂದ ಬಿಗಿದಿದ್ದ ಭುಜ ಈಗ ಸ್ವಲ್ಪ ಇಳಿಯಿತು. ಹೊದಿಕೆ ಹಿಂಡಬೇಕು, ಬಿಸಿಲು ಏರುತ್ತಿದೆ ಎಂದುಕೊಂಡಳು.

"ಮೊಮ್ಮಗಳೆಲ್ಲೋ?" ಎಂದರು ದೊಡ್ಡತ್ತೆ. "ಕರಿಯೋ ಅವಳನ್ನ. ಇಷ್ಟು ವರ್ಷದಲ್ಲಿ ನೀನು ಅವಳನ್ನ ಕರೆದಿದ್ದೇ ನಾನು ಕೇಳಿಲ್ಲ ನೋಡು."

ಮಾವನ ಬೆರಳು ಎದ್ದಿತು. ಕೀಬೋರ್ಡಿನ ಮೇಲೆ ಒಂದು ಸುತ್ತು ಹಾಕಿತು. ಒಂದು ಸಾಲಿನ ಮೇಲೆ ನಿಂತು, ಮುಂದಿನ ಸಾಲಿಗೆ ಹೋಗಿ, ಮತ್ತೆ ಹಿಂದೆ ಬಂತು. ಕೊನೆಗೆ ಕೀಬೋರ್ಡು ಬಿಟ್ಟು ಪಕ್ಕಕ್ಕೆ ಸರಿದು ಮೇಜನ್ನು ಕುಟ್ಟಿತು. ಟಕ್, ಟಕ್. ಆ ಮಗುವನ್ನು ಅವರು ದಿನವೂ ಕರೆಯುತ್ತಿದ್ದುದು ಹಾಗೆಯೇ.

ಮಗಳು ಬಂದು ಮೇಜಿನ ಪಕ್ಕ ನಿಂತಳು.

ಗೋಡೆಗೆ ಒರಗಿದ್ದ ಅವಳು ನೆಟ್ಟಗಾದಳು. ಹೊಟ್ಟೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಬರೆದ ಪಟ್ಟಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕಣ್ಣ ಮುಂದೆ ಬಂತು. ಎಲ್ಲಾ ಯಾಕೆ ಒತ್ತಬೇಕಿತ್ತು ಎಂದು ತಾನೇ ಕೇಳಿದ್ದಳಲ್ಲ ಬೆಳಿಗ್ಗೆ.

ಮಗಳು ತಿರುಗಿ ಅವಳನ್ನು ನೋಡಿದಳು. ಈ ಸಲ ಅವಳು ಆಮೇಲೆ ಎನ್ನಲಿಲ್ಲ.

"ಕೇಳು," ಎಂದಳು.

ಮಗಳು ತಾತನ ಮುಖವನ್ನೇ ನೋಡುತ್ತ, ಫೋನಿನ ಆಚೆಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು.

"ತಾತಾ, ಸತ್ತು ಹೋದ ಬೆಕ್ಕನ್ನ ಕರೆಯೋಕೂ ಇದರಲ್ಲಿ ಒಂದು ಬಟನ್ನಿದೆ. ನನ್ನನ್ನ ಕರೆಯೋದು ಯಾವುದು?"