ಸೂಗಮ್ಮನ ಕೈಚೀಲ

ಸೂಗಮ್ಮ ಯಾವುದನ್ನೂ ಮೂಸಿ ನೋಡದೆ ನಂಬಿದವಳಲ್ಲ. ಹಾಲು, ಹಿಟ್ಟು ಹಾಗಿರಲಿ, ತಾನೇ ತುಂಬಿಟ್ಟ ಕೊಡದ ನೀರನ್ನೂ ಮೂಗಿನ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ, ಆಮೇಲೆ ತುಟಿಗೆ ತರುವ ಜೀವ ಅದು. ನಡೆಯುವಾಗಲೂ ಆಗಾಗ ಹೊರಳಿ ನೋಡುತ್ತಾಳೆ, ತನ್ನ ನೆರಳೇ ತನ್ನ ಸೆರಗಿನ ಗಂಟು ಬಿಚ್ಚೀತೆಂಬಂತೆ. ಮಸ್ಕಿಯಲ್ಲಿ ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ.

ಈ ಸಂಶಯವೇ ಸೊಸೆ ವಿಜಯಶ್ರೀಯನ್ನು ಮನೆ ಬಿಡಿಸಿತು. ಬೆಳ್ಳಿಯ ಕಾಲುಚೈನು ಕಾಣೆಯಾಯಿತೆಂದು ಸೂಗಮ್ಮ ಓಣಿಯವರ ಎದುರೇ ಸೊಸೆಯ ಟ್ರಂಕು ಬಿಚ್ಚಿಸಿದಳು. ಚೈನು ಸಿಕ್ಕಿದ್ದು ಸೂಗಮ್ಮನದೇ ಜೋಳದ ಡಬ್ಬಿಯಲ್ಲಿ. ಅಷ್ಟರಲ್ಲಿ ಹುಡುಗಿ ತುರ್ವಿಹಾಳದ ತವರಿಗೆ ಬಸ್ಸು ಹತ್ತಿದ್ದಳು, ಉಡಿ ತುಂಬಿಸಿಕೊಳ್ಳದೆ. ಹೆಣ್ಣುಮಗಳು ಹೊಸ್ತಿಲು ದಾಟುವಾಗ ಅವಳ ಸೆರಗಿಗೆ ಅಕ್ಕಿ, ಕುಪ್ಪಸದ ಖಣ ಹಾಕದೆ ಕಳಿಸಬಾರದೆಂಬುದು ನಮ್ಮಲ್ಲಿ ವೈರಿಯೂ ಮೀರದ ರೀತಿ.

ನಮ್ಮ ಮಹಿಳಾ ಸಂಘದ ಅಶ್ವಿನಿ ನಮಗೆಲ್ಲ ಓದಿ ಹೇಳಿದ್ದ ಹಳೆಯ ಕಾದಂಬರಿಯೊಂದನ್ನು ಸಿಂಧನೂರಿನಲ್ಲಿ ನಾಟಕ ಮಾಡಿ ಆಡುತ್ತಾರೆ, ತುರ್ವಿಹಾಳದ ಸಂಘದವರೂ ಬರುತ್ತಾರೆ ಎಂದು ಗೊತ್ತಾಗಿ ಬಾಡಿಗೆಗೆ ಕ್ರೂಸರ್ ಗಾಡಿ ಮಾಡಿದೆವು. ಸೊಸೆಯನ್ನು ಹೊರಹಾಕುವ ಅತ್ತೆಯ ಕಥೆ ಅದು.

"ನನಗ ಚುಚ್ಚಾಕಂತನ ಕರಕೊಂಡು ಹೊಂಟೀರಿ," ಎಂದು ಸೂಗಮ್ಮ ಗೊಣಗಿದಳು. ಆದರೂ ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕೂತವಳು ಅವಳೇ. ತೊಡೆಯ ಮೇಲೆ ಬಾಯಿ ಬಿಗಿದ ಕೈಚೀಲ.

"ಚೀಲದಾಗೇನೈತಬೇ? ಸೊಸಿಗೆ ಮದ್ದು ತಂದೀಯೇನ?" ಎಂದಳು ಸಂಘದ ಮೌನೇಶ್ವರಿ.

"ನಿನ್ನ ನಾಲಗಿಗೆ ಬೀಗ ತಂದೀನಿ."

ಗಾಡಿ ಕುಲುಕಿದಾಗ ಚೀಲ ಜಾರಿತು. ನಾನು ಹಿಡಿಯಹೋದೆ.

"ನೀ ಮುಟ್ಟಬ್ಯಾಡವ್ವ!" ಎಂದು ಕಸಿದುಕೊಂಡಳು.

ನನ್ನನ್ನೂ ಕಳ್ಳಿ ಮಾಡಿದಳಲ್ಲ! ಅಲ್ಲಿಂದ ಮುಂದೆ ನಾನೂ ಆ ಚೀಲದ ಮೇಲೆಯೇ ಕಣ್ಣಿಟ್ಟೆ.

ನಾಟಕದಲ್ಲಿ ವಿಜಯಶ್ರೀ ತುರ್ವಿಹಾಳದವರ ಜೊತೆ ನಮ್ಮ ಮುಂದಿನ ಸಾಲಿನಲ್ಲಿದ್ದಳು, ತಿರುಗಿ ನೋಡಲಿಲ್ಲ. ಸೂಗಮ್ಮ ನಾಟಕ ಬಿಟ್ಟು ಅವಳ ಹೆರಳನ್ನೇ ನೋಡುತ್ತ ಕೂತಳು. ರಂಗದ ಮೇಲಿನ ಅತ್ತೆ ಬಾಗಿಲು ತೋರಿಸಿ, ಸೊಸೆ ಹೊಸ್ತಿಲಿಗೆ ಕಾಲಿಡುವ ಹೊತ್ತಿಗೆ ನನ್ನ ಪಕ್ಕದ ಕುರ್ಚಿ ಬರಿದಾಗಿತ್ತು.

"ತಡೀ ಯವ್ವ!"

ಸೂಗಮ್ಮ ಚೀಲ ಹಿಡಿದು ರಂಗದ ಮೆಟ್ಟಿಲು ಹತ್ತುತ್ತಿದ್ದಳು. ಜನ ನಕ್ಕರು. ಅತ್ತೆಯ ಪಾತ್ರದವಳು, "ಅಮ್ಮಾ, ಇದು ನಾಟಕ ರೀ," ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು.

"ನಾಟಕಂತ ನನಗೂ ಗೊತ್ತೈತಿ. ನಾಟಕದಾಗಾದ್ರೂ ಬರಿ ಉಡೀಲೆ ಕಳಿಸಬ್ಯಾಡ್ರಿ."

ಸೊಸೆಯ ಪಾತ್ರದ ಹುಡುಗಿ ಮಾತು ಮರೆತು ಸೆರಗೊಡ್ಡಿದಳು. ಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಖಣ ಇಳಿದವು. ಆಗ ನನಗೆ ತಿಳಿಯಿತು: ಮುತ್ತೈದೆಯ ಉಡಿಗೆ ಹೋಗುವ ಪದಾರ್ಥಕ್ಕೆ ಗಂಡ ಸತ್ತ ನನ್ನಂಥವಳ ಕೈ ತಾಗಬಾರದು. ಕಳ್ಳಿ ಅನ್ನಿಸಿಕೊಂಡದ್ದೇ ವಾಸಿಯಿತ್ತು.

ನಾಟಕ ಮುಗಿದ ಮೇಲೆ ವಿಜಯಶ್ರೀ ನಮ್ಮ ಗಾಡಿಯ ಹತ್ತಿರ ಬಂದು ನಿಂತಳು.

"ಎಲ್ಲಾ ಆ ಹುಡುಗಿಗೇ ಹಾಕಿದ್ರಿ. ನನಗೇನು ಉಳಿಸೀರಿ, ಅತ್ತಿ?"

ಸೂಗಮ್ಮ ಚೀಲ ತಿರುವಿ ಝಾಡಿಸಿದಳು. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಅರಿಶಿಣದ ಕೊಂಬೊಂದು ಅಂಗೈಗೆ ಬಿತ್ತು. ಅದನ್ನೂ ಮೂಸಿದಳು, ಮೂಸಿಯೇ ಸೊಸೆಯ ಸೆರಗಿಗೆ ಹಾಕಿದಳು.

"ಬರತೀನಿ," ಎಂದಳು ವಿಜಯಶ್ರೀ. "ಟ್ರಂಕಿಗೆ ಮಾತ್ರ ಈ ಸಲ ಬೀಗ ಹಾಕತೀನಿ."

ಸಂಶಯದವರ ಕುಲವೇ ಹೀಗೆ. ಲೋಕದ ಗಂಟನ್ನೆಲ್ಲ ಬಿಚ್ಚಿ ನೋಡುವ ಇವರು ತಮ್ಮ ಅಂತಃಕರಣವನ್ನು ಮಾತ್ರ ಕಳವಿನ ಮಾಲಿನಂತೆ ಬಚ್ಚಿಟ್ಟುಕೊಂಡಿರುತ್ತಾರೆ. ಅದು ಹೊರಬೀಳುವುದೂ ಯಾರದೋ ಬಾಗಿಲಲ್ಲಿ, ಯಾರದೋ ಸೆರಗಿಗೆ. ಹೊರಬಿದ್ದಾಗಲೂ ಯಾರ ಕೈ ತಾಗಬಾರದೆಂಬುದರ ಮೇಲೆ ಒಂದು ಕಣ್ಣು ಇಟ್ಟೇ ಇರುತ್ತಾರೆ.